ಅವರ ಹೆಸರಿನಲ್ಲಿ ಒಡೆಯುವ ಮುನ್ನ

ಮನೆ ಹೇಗೆ ಕಟ್ಟಬೇಕೆಂದು ಕಲಿಸುವವರು ಹಲವರಿದ್ದಾರೆ. ಎಷ್ಟು ಕಟ್ಟಬಾರದು ಎಂದು ಕಲಿಸಿದವರು, ನಾನು ಬಲ್ಲಂತೆ, ನಮ್ಮ ಗೃಹನಿರ್ಮಾಣ ಸಹಕಾರ ಸಂಘದ ಮುಖ್ಯ ವಾಸ್ತುಶಿಲ್ಪಿಗಳೊಬ್ಬರೇ. ಇಟ್ಟಿಗೆ, ಸಿಮೆಂಟು, ಕಬ್ಬಿಣ ನಿವೇಶನಕ್ಕೆ ಬಂದಿಳಿಯುವ ಹೊತ್ತಿಗೇ ಅವುಗಳ ಪಾಲಿನ ಇಂಗಾಲ ಗಾಳಿ ಸೇರಿರುತ್ತದೆ, ಆಮೇಲೆ ತಾರಸಿಯ ಮೇಲೆ ಸೌರಫಲಕ ಹೊದಿಸಿದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ ಎಂದು ಅವರು ಸೇವಾವಧಿಯುದ್ದಕ್ಕೂ ಹೇಳಿದರು. ಅಂಥವರ ನಿವೃತ್ತಿಯನ್ನು ಗೌರವಿಸಲು ನಮ್ಮ ಆಡಳಿತ ಮಂಡಳಿ ಕಂಡುಕೊಂಡ ದಾರಿಯೆಂದರೆ, ಗಟ್ಟಿಯಾಗಿರುವ ಹಳೆಯ ಕಚೇರಿಯನ್ನು ನೆಲಸಮ ಮಾಡಿ, ಅಲ್ಲಿ ಅವರ ಹೆಸರಿನ 'ಹಸಿರು ಭವನ' ಎಬ್ಬಿಸುವುದು. ಮಂಡಳಿ ಇದನ್ನು ತಮಾಷೆಗೆ ಹೇಳಿಲ್ಲ.

ಸುದ್ದಿಮನೆ ಬಿಟ್ಟು ಸಂಘದ ಮಾಸಪತ್ರಿಕೆ ನೋಡಿಕೊಳ್ಳಲು ನಾನು ಬಂದಾಗ ಅವರಿನ್ನೂ ನಕ್ಷೆ ವಿಭಾಗದ ಕಿರಿಯರು. ಮನೆ ಬೇಕೆಂದು ಬಂದವರನ್ನು ಕಚೇರಿಯ ಹಿಂದಿನ ಖಾಲಿ ಹಜಾರಕ್ಕೆ ಕರೆದೊಯ್ದು, ಅವರು ಕೇಳಿದ ಕೋಣೆಗಳನ್ನು ನಿಜವಾದ ಅಳತೆಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು, ಒಳಗೆ ಓಡಾಡಲು ಹೇಳುವುದು ಅವರ ಕ್ರಮ. ಅರ್ಧ ಮನೆಯಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಆ ಅರ್ಧವನ್ನು ಅವರು ಬಂದವರೆದುರೇ ಒರೆಸುತ್ತಿದ್ದರು. ಬೀಗರಿಗೆಂದು ಬೇರೆ ಕೋಣೆ ಕೇಳಿದ ಒಬ್ಬರಿಗೆ, ಅಷ್ಟು ಸುಖ ಕೊಟ್ಟರೆ ಅವರು ಎದ್ದು ಹೋದಾರೆಯೇ ಎಂದು ಕೇಳಿದ್ದುಂಟು. ನಾವು ಹಿಂದಿನಿಂದ ಅವರನ್ನು 'ಬೇಡಪ್ಪ' ಎನ್ನುತ್ತಿದ್ದೆವು. ಅದು ಅವರಿಗೆ ತಿಳಿದಿತ್ತು.

ಅವರೊಡನೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲವೆಂಬುದನ್ನೂ ದಾಖಲಿಸಬೇಕು. ಅವರು ವಿಭಾಗದ ಮುಖ್ಯಸ್ಥರಾದ ಹೊಸದರಲ್ಲಿ ಅಣ್ಣತಮ್ಮಂದಿರಿಬ್ಬರು ತಾಯಿಯ ಮನೆ ಕೆಡವಿ ಎರಡು ಮನೆ ಕಟ್ಟಿಸಲು ಬಂದರು. ಇವರು ಒಪ್ಪಲಿಲ್ಲ. ಹಿರಿಯ ಸೊಸೆ ಎದುರಿಗೇ ಹೇಳಿದರು: "ಮನೆ ಕಟ್ಟಿಕೊಡಿ ಅಂದ್ರೆ, ಇರೋ ಮನೇಲೇ ಹೊಂದ್ಕೊಂಡು ಹೋಗಿ ಅಂತ ಬುದ್ಧಿ ಹೇಳ್ತೀರಲ್ಲ. ಅದಕ್ಕೆ ನಮ್ಮತ್ತೆ ಸಾಕಾಗಿತ್ತು."

ಹಳೆಯ ಗೋಡೆಗಳು ಉಳಿದವು. ಹೊರಗಿನಿಂದ ಒಂದು ಮೆಟ್ಟಿಲು, ಮೇಲೊಂದು ಅಡುಗೆಮನೆ ಬಂದವು. ಕಿತ್ತ ಬಾಗಿಲುಗಳನ್ನೇ ಉಜ್ಜಿ ಮತ್ತೆ ಕೂರಿಸಲಾಯಿತು. ಉಜ್ಜುವ ಕೆಲಸ ಮುಗಿಯುವಂತೆಯೇ ಕಾಣಲಿಲ್ಲ. ಅಲ್ಲಿಯವರೆಗೆ ಸಂಸಾರವೆರಡೂ ಎಲ್ಲಿರಬೇಕೆಂಬ ಪ್ರಶ್ನೆ ಎದ್ದಾಗ, ಅವರು ತಮ್ಮ ಮನೆಯ ಮಹಡಿಯನ್ನೇ ಬಿಟ್ಟುಕೊಟ್ಟರು, ಬಾಡಿಗೆಯ ಮಾತೆತ್ತಲಿಲ್ಲ. ವಾರಗಿತ್ತಿಯರ ಜಗಳ ಪೂರ್ತಿ ಮಳೆಗಾಲ ಅವರ ತಲೆಯ ಮೇಲೆಯೇ ನಡೆಯಿತು. ಈ ಅಭಿನಂದನಾ ಸಂಪುಟದಲ್ಲಿ ಅವರ ಶ್ರೀಮತಿಯವರಿಗೂ ಒಂದು ಲೇಖನ ಮೀಸಲಿಡಬೇಕಿತ್ತು.

ಈಗ ಕಚೇರಿಯ ವಿಷಯ. ತಾರಸಿ ಸೋರುತ್ತದೆ, ಮಧ್ಯಾಹ್ನ ಮೇಲಿನ ಮಹಡಿ ಕಾದ ಬಾಣಲೆಯಾಗುತ್ತದೆ, ವಯಸ್ಸಾದ ಸದಸ್ಯರು ಮೆಟ್ಟಿಲು ಹತ್ತಲಾರರು. ಮಂಡಳಿ ಹೇಳುವ ಈ ಮೂರೂ ದೂರುಗಳು ನಿಜ, ಅವರೂ ಅಲ್ಲಗಳೆದಿಲ್ಲ. ತಾರಸಿಗೆ ನೆರಳು, ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ಮರೆ, ಸದಸ್ಯರು ಬರುವ ವಿಭಾಗಗಳೆಲ್ಲ ನೆಲಮಹಡಿಗೆ: ಇಷ್ಟು ಸಾಕೆಂದು ದುರಸ್ತಿಯ ನಕ್ಷೆಯನ್ನೂ ಕೊಟ್ಟಿದ್ದಾರೆ. ಅದನ್ನು ಯಾರೂ ಬಿಚ್ಚಿ ನೋಡಿದಂತಿಲ್ಲ.

ಬದಲಿಗೆ, ಅವರ ಕೈಕೆಳಗೇ ಗೆರೆ ಎಳೆಯಲು ಕಲಿತ ನಮ್ಮ ಅಧ್ಯಕ್ಷರು ಹೊಸ ಭವನದ ಬಣ್ಣದ ಚಿತ್ರ ಹಿಡಿದು ಬಂದರು. ನಾನು ಅಲ್ಲಿದ್ದೆ.

"ಸರ್, ಇದೊಂದಕ್ಕಾದ್ರೂ ಬೇಡ ಅನ್ಬೇಡಿ."

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅನ್ನಲ್ಲಪ್ಪ. ಕಟ್ಟಡ ಸಂಘದ್ದು, ಒಡೆಯೋದಾದ್ರೆ ಒಡೀರಿ. ಹೆಸರು ನಂದು. ಅದನ್ನ ಬಿಟ್ಬಿಡಿ."

ಅಧ್ಯಕ್ಷರು ಇದನ್ನು ವಿನಯವೆಂದು ತಿಳಿದರು. ಮರುದಿನವೇ ಆ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಯಿತು. ಆಡಿದ್ದನ್ನು ಆಡಿದಂತೆ ವರದಿ ಮಾಡುವುದು ನಾನು ಕಲಿತ ವೃತ್ತಿ, ಆದ್ದರಿಂದ ತಿದ್ದುತ್ತಿದ್ದೇನೆ. ಅದು ವಿನಯವಲ್ಲ, ನಿರಾಕರಣೆ. ತಾನು ಜೀವಮಾನವಿಡೀ ತಡೆದ ಕೆಲಸ ತನ್ನದೇ ಹೆಸರಿನಲ್ಲಿ ನಡೆಯಬಾರದೆಂದು ಒಬ್ಬ ಮನುಷ್ಯ ಕೇಳಿಕೊಂಡದ್ದು.

ನಿವೃತ್ತಿಯ ನಂತರವೂ, ಕರೆದರೆ, ದುರಸ್ತಿಯ ಮೇಲ್ವಿಚಾರಣೆಗೆ ಬರುವುದಾಗಿ ಅವರು ಹೇಳಿದ್ದಾರೆ. ಅದಕ್ಕೆ ಬೇಕಾದ ಆಯುಸ್ಸು, ಆರೋಗ್ಯ, ಹಟ ಅವರಿಗಿರಲಿ; ಹಟ ಕೋರುವ ಅಗತ್ಯ ಬೀಳಲಾರದು. ಈ ಸಂಪುಟ ಬಿಡುಗಡೆಯಾಗುವುದು ಸರ್ವಸದಸ್ಯರ ಸಭೆಯಲ್ಲಿ. ಕಟ್ಟಡದ ಬಗ್ಗೆ ಮತ ಕೇಳುವುದೂ ಅಲ್ಲೇ, ಸನ್ಮಾನ ಮುಗಿದ ಕೂಡಲೇ. ಸದಸ್ಯರಲ್ಲಿ ನನ್ನದೊಂದೇ ವಿನಂತಿ: ಅವರಿಗಾಗಿ ಚಪ್ಪಾಳೆ ತಟ್ಟಿದ ಕೈಗಳನ್ನು ಒಡೆಯುವುದರ ಪರವಾಗಿ ಎತ್ತಬೇಡಿ.