ಪಾಲಕರ ಸಭೆಯಲ್ಲಿ ಕುಂಕುಮದ ತಟ್ಟೆ

ನಿವೃತ್ತಿಗೆ ಇನ್ನೂ ಮೂರು ವರ್ಷ ಉಳಿದಿದ್ದಾಗ ನಾನು ಪುಣೆಯ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಒಂದರಿಂದ ನಾಲ್ಕನೇ ಇಯತ್ತೆಯವರೆಗೆ ನೂರಾ ಹನ್ನೆರಡು ಮಕ್ಕಳು. ಕೆಲವರ ಮನೆಯವರು ಧಾರವಾಡ, ಬೆಳಗಾವಿಯಿಂದ ಬಂದು ಕಚೇರಿಗಳಲ್ಲಿದ್ದವರು. ಉಳಿದವರ ತಂದೆತಾಯಿ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ, ಉಳ್ಳಾಗಡ್ಡಿ ಆರಿಸುವ ಕೆಲಸದವರು. ಎಲ್ಲರನ್ನೂ ಸಮನಾಗಿ ಕಾಣುತ್ತೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಜರಿ ಕೂಗುವಾಗ ಅಡ್ಡಹೆಸರು ಬೇಡ, ಬೆಂಚಿನ ಜಾಗ ವಾರಕ್ಕೊಮ್ಮೆ ಬದಲಾಗಬೇಕು ಎಂದು ಕಟ್ಟುನಿಟ್ಟು ಮಾಡಿದವಳೇ ನಾನು.

ನನ್ನ ತಲೆನೋವು ಬೇರೆಯಿತ್ತು. ತಿಂಗಳ ಪಾಲಕರ ಸಭೆಗೆ ಹತ್ತು ತಾಯಂದಿರು ಬಂದರೆ ಹೆಚ್ಚು. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಅರಿಶಿನ-ಕುಂಕುಮ ನಡೆಯುತ್ತದೆ. ಎಷ್ಟೇ ಕೆಲಸವಿದ್ದರೂ ಹೆಂಗಸರು ಅದನ್ನು ತಪ್ಪಿಸುವುದಿಲ್ಲ. ಜನವರಿಯ ಸಭೆಯನ್ನು ಅದಕ್ಕೇ ಜೋಡಿಸಿಬಿಟ್ಟೆ. ಬಾಗಿಲಲ್ಲಿ ಕುಂಕುಮ, ಎಳ್ಳುಬೆಲ್ಲ, ತಲೆಗೊಂದು ಸ್ಟೀಲ್ ಬಟ್ಟಲು. ಕುಂಕುಮ ಹಚ್ಚಲು ಮೂರನೇ ಇಯತ್ತೆಯ ಚುರುಕು ಹುಡುಗಿ ಸವಿತಾಳನ್ನು ಆರಿಸಿದೆ. ಪಕ್ಕದಲ್ಲಿ ಒಬ್ಬ ಸಹಶಿಕ್ಷಕಿ. ಅಂದು ಎಂಬತ್ತಕ್ಕೂ ಹೆಚ್ಚು ತಾಯಂದಿರು ಬಂದರು. ನಾನು ಬೀಗಿದ್ದೇ ಬೀಗಿದ್ದು.

ಮೂರನೆಯ ದಿನ ಸವಿತಾಳ ತಾಯಿ ಮಹಾದೇವಿ ನನ್ನ ಕೋಣೆಗೆ ಬಂದು, ಅರ್ಜಿ ಕೊಟ್ಟು ಟಿ.ಸಿ. ಕೇಳಿದರು. ಮಗು ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ ಅದು. ಹುಡುಗಿಯನ್ನು ಇಂಡಿ ಕಡೆಯ ಹಳ್ಳಿಗೆ, ಕಣ್ಣು ಕಾಣದ ಅಜ್ಜಿಯ ಹತ್ತಿರ ಕಳಿಸುತ್ತಾರಂತೆ. ಅಲ್ಲಿಗೆ ಹೋದರೆ ಅವಳ ಓದು ಮುಗಿದಂತೆಯೇ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಕಾರಣ ಕೇಳಿದೆ.

“ಚೀಟಿಯೊಳಗ ಸಭಾ ಅಂತ ಬರದಿದ್ರಿ, ಬಂದೆ,” ಎಂದರು. “ನನ್ನ ಪಾಳಿ ಬಂದಾಗ ಬಾಜೂಕ ನಿಂತಿದ್ದ ಟೀಚರ್ ಬಾಯಾರು ಸವಿತಾನ ಕೈ ಹಿಡದು ತಾಟು ಹಿಂದಕ ಸರಿಸಿದ್ರು. ಗಂಡ ತೀರಿ ಹೋಗಿ ನಾಕ ವರ್ಷ ಆತ್ರಿ, ನನಗಿದು ಹೊಸಾದಲ್ಲ. ಆದ್ರ ಮಗಳು ಕೇಳತಾಳ, ‘ಅವ್ವಾ, ಎಲ್ಲಾರಿಗೂ ಹಚ್ಚಿದೆ, ನಿನಗ್ಯಾಕ ಹಚ್ಚಬಾರದು?’ ಅಂತ. ಏನ್ ಹೇಳ್ಲಿ? ಸಾಲಿಗೆ ಹೋಗೂದ ಒಲ್ಲೆ ಅಂತಾಳ.”

ನಾನು ಸಹಶಿಕ್ಷಕಿಯನ್ನು ಕರೆಸಿದೆ. “ಅವರಿಗೆ ಮುಜುಗರ ಆಗಬಾರದಂತ ಸರಿಸಿದ್ನಿರಿ ಬಾಯಾರ,” ಎಂದು ಆಕೆ ಅಳುವಂತಾದಳು. ಆಕೆಗೆ ಬೈಯುವುದು ಸುಲಭವಿತ್ತು. ಆದರೆ ಶಾಲೆಯ ಬಾಗಿಲಲ್ಲಿ ಮುತ್ತೈದೆಯರ ಪದ್ಧತಿಯನ್ನು ತಂದಿಟ್ಟವಳು ನಾನು. ಅದನ್ನು ಮಗುವಿನ ಕೈಯಲ್ಲೇ ಮಾಡಿಸಿದವಳೂ ನಾನೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

“ತಪ್ಪು ನಂದು ಮಹಾದೇವಿಯವರ,” ಎಂದೆ. “ಎಂಟು ದಿನ ಟೈಮ್ ಕೊಡ್ರಿ. ಆಮ್ಯಾಲೂ ಬೇಕಂದ್ರ ಟಿ.ಸಿ. ನಾನೇ ಬರದ ಕೊಡತೀನಿ.”

ರಥಸಪ್ತಮಿಗೆ ಮೊದಲು ಇನ್ನೊಂದು ಸಭೆ ಕರೆದೆ. ತಯಾರಿಗೆ ಕೂತಾಗ, ಕುಂಕುಮವನ್ನೇ ಬಿಟ್ಟುಬಿಡೋಣ ಎಂದರು ಒಬ್ಬ ಶಿಕ್ಷಕಿ. ಮುತ್ತೈದೆಯರಿಗೆ ಬೇರೆ ಕೋಣೆ ಮಾಡೋಣ ಎಂದರು ಇನ್ನೊಬ್ಬರು. ಎರಡೂ ನನಗೆ ಒಗ್ಗಲಿಲ್ಲ. ಅಪ್ಪ, ಅಜ್ಜಿ, ಮುಸ್ಲಿಂ ತಾಯಿ, ಗಂಡನಿಲ್ಲದವರು, ಯಾರೇ ಬರಲಿ, ಒಂದೇ ಬಾಗಿಲು. ಕುಂಕುಮ, ಹೂವು, ಎಳ್ಳುಬೆಲ್ಲ ಮೂರೂ ಒಂದೇ ತಟ್ಟೆಯಲ್ಲಿ. ಏನು ಬೇಕೆಂದು ಮಕ್ಕಳು ಕೇಳಬೇಕು, ಬಂದವರು ಹೇಳಿದ್ದನ್ನಷ್ಟೇ ಕೊಡಬೇಕು ಎಂದು ನಿರ್ಧರಿಸಿದೆ. ಪಾಲಕ ಸಮಿತಿಯ ಹಿರಿಯರೊಬ್ಬರು ತಕರಾರು ತೆಗೆದರು.

“ಪದ್ಧತಿ ಅನ್ನೂದು ಒಂದ ಅದ ಅಲ್ರಿ ಬಾಯಾರ?”

“ಅದ ರೀ, ನಿಮ್ಮ ಮನ್ಯಾಗ. ಮಗಳ ಮುಂದ ಅವ್ವನ್ನ ಸಣ್ಣಾಕಿ ಮಾಡೂ ಪದ್ಧತಿ ನನ್ನ ಸಾಲ್ಯಾಗ ನಡಿಯೂದಿಲ್ಲ.”

ಅವರು ಮುಖ ದಪ್ಪ ಮಾಡಿಕೊಂಡರು, ಆದರೆ ಸಭೆಗೆ ಬಂದರು. ತಟ್ಟೆ ಹಿಡಿಯುತ್ತೀಯಾ ಎಂದು ಸವಿತಾಳನ್ನು ಕೇಳಿದೆ; ಅವ್ವನಿಗೂ ಕೇಳಬಹುದಾ ಎಂದು ಖಚಿತ ಮಾಡಿಕೊಂಡು ಹೂಂ ಎಂದಳು. ಮಹಾದೇವಿ ಕೆಲಸದಿಂದ ನೇರವಾಗಿ, ಸೆರಗಿಗೆ ಉಳ್ಳಾಗಡ್ಡಿ ಸಿಪ್ಪೆ ಅಂಟಿಸಿಕೊಂಡೇ ಬಂದರು.

“ಅವ್ವಾ, ನಿನಗ ಏನ್ ಬೇಕು?” ಎಂದಳು ಸವಿತಾ.

ಅವರು ಕುಂಕುಮ ಹಚ್ಚಿಸಿಕೊಳ್ಳುತ್ತಾರೆ, ಎಲ್ಲರ ಕಣ್ಣು ಒದ್ದೆಯಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ನಾಟಕ ಕಟ್ಟಿಕೊಂಡಿದ್ದೆ. ಮಹಾದೇವಿ ತಟ್ಟೆಯನ್ನು ನೋಡಿದರು. “ಕುಂಕುಮ ಬ್ಯಾಡವ್ವಾ. ಎಳ್ಳುಬೆಲ್ಲಾ ಕೊಡು,” ಎಂದರು. ಸವಿತಾ ಬೊಗಸೆ ತುಂಬ ಕೊಟ್ಟು, ಅವ್ವನ ಕೈ ಹಿಡಿದು ಮುಂದಿನ ಸಾಲಿನ ಬೆಂಚಿಗೆ ಕರೆದೊಯ್ದಳು. ನನಗೆ ಒಳಗೊಳಗೇ ಸ್ವಲ್ಪ ನಿರಾಸೆಯಾಯಿತೆಂದು ಒಪ್ಪಿಕೊಳ್ಳಲೇಬೇಕು.

ಸಭೆ ಮುಗಿದ ಮೇಲೆ ಟಿ.ಸಿ. ಅರ್ಜಿಯನ್ನು ಅವರ ಮುಂದಿಟ್ಟೆ. “ಕುಂಕುಮ ಬ್ಯಾಡ ಅಂದ್ರಿ. ಇನ್ನೂ ಸಿಟ್ಟು ಅದ ಏನ್ರಿ?”

ಅವರು ಅರ್ಜಿಯನ್ನು ಎರಡು ತುಂಡು ಮಾಡಿ ನನ್ನ ಕೈಗಿತ್ತರು. “ಸಿಟ್ಟಲ್ರಿ ಬಾಯಾರ. ಅವತ್ತ ನನಗ ಬ್ಯಾಡ ಅಂತ ನೀವು ಅಂದ್ರಿ. ಇವತ್ತ ನಾ ಅಂದೆ. ಮಗಳು ನೋಡಿದ್ಲು, ಸಾಕು.”

ಯಾರಿಗೆ ಏನು ಸರಿ ಎಂದು ನಾನೇ ತೀರ್ಮಾನಿಸಿಬಿಡುವ ಚಟ ನನಗೆ ಮೂವತ್ತು ವರ್ಷದ್ದು. ಅಂದಿನಿಂದ ಮೊದಲು ಕೇಳುವುದನ್ನು ಕಲಿತೆ.