ಹೊಗಳಿ ಬಿಡಿಸಿದ ಶಾಲೆ

ಕಾದಂಬರಿಯ ನಲವತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಅತಿಯಾಯಿತು’ ಎಂದು ಬರೆದಿದ್ದೆ.

ಸ್ನೇಹಿತರೊಬ್ಬರು ಕೊಟ್ಟ ಹೊಸ ಪುಸ್ತಕ. ಓದುತ್ತಲೇ ಅನ್ನಿಸಿದ್ದನ್ನು ಈ ಕಾಲಂನಲ್ಲಿ ಬರೆಯಿರಿ ಎಂದಿದ್ದರು. ಗಂಡಸರ ಮಾತೇ ನಡೆಯುವ ಮನೆಯಲ್ಲಿ ಒಬ್ಬ ಹುಡುಗಿ ಪಡುವ ಪಾಡು ಅದರ ಕತೆ. ಎಂಟನೇ ಕ್ಲಾಸಿಗೇ ಅಪ್ಪ ಶಾಲೆ ಬಿಡಿಸುತ್ತಾನೆ. ಹೊಡೆಯುತ್ತಾನೆ. ಅವಳ ಪುಸ್ತಕಗಳನ್ನು ಒಲೆಗೆ ಹಾಕುತ್ತಾನೆ. ಈ ಕಾಲದಲ್ಲೂ ಇಷ್ಟೊಂದು ಕಣ್ಣೀರು ಬೇಕೇ? (ವಿಮರ್ಶಕನಾಗುವುದು ಎಷ್ಟು ಸುಲಭ ನೋಡಿ.)

ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡೇ ಮೊನ್ನೆ ಶುಕ್ರವಾರ ತಮಿಳುನಾಡಿನ ಎಡಪ್ಪಾಡಿಗೆ, ಅಕ್ಕನ ಮನೆಗೆ ಬಂದೆ. ಭಾವನವರದು ಕೈಮಗ್ಗ. ಅಕ್ಕ ರಾಟೆ ಮುಂದೆ ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾಳೆ. ಮಗಳು ಮಂಜು ಪ್ಲಸ್ ಟೂ ಮುಗಿಸಿ, ನರ್ಸಿಂಗ್ ಸೇರಲು ಅರ್ಜಿ ತುಂಬಿಟ್ಟಿದ್ದಾಳೆ. ಸೋಮವಾರ ಕೊನೆಯ ದಿನ. ಅಪ್ಪನ ಸಹಿ ಬೇಕು. ಭಾವ ಹಾಕುತ್ತಿಲ್ಲ.

“ನೀನು ಸೋದರಮಾವ. ನೀನ್ ಏಳಿದ್ರೆ ಅವ್ರು ಕೇಳ್ತಾರೆ ಕಣ್ಲಾ,” ಎಂದಳು ಅಕ್ಕ.

ನಾನು ಜಾರಿಕೊಂಡೆ. ಸಾಲದ್ದಕ್ಕೆ, ಮಗ್ಗದಲ್ಲಿ ಕೂತಿದ್ದ ಮಂಜುವಿನ ಕೈಚಳಕ ನೋಡಿ, “ಇಂತಾ ಕೈ ಐತೆ, ಕಾಲೇಜು ಯಾತಕ್ಕಮ್ಮಾ ನಿಂಗೆ?” ಎಂದು ತಮಾಷೆಯನ್ನೂ ಮಾಡಿದೆ. ಭಾವ ಜೋರಾಗಿ ನಕ್ಕರು. ಮಂಜು ತಲೆ ಎತ್ತಲಿಲ್ಲ.

ಊಟವಾದ ಮೇಲೆ ಅಕ್ಕನಿಗೆ ಪುಸ್ತಕ ಓದಿ ಹೇಳಿದೆ. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. (ನಾನೂ ಕಲಿತದ್ದು ನೌಕರಿಗೆಂದು ಮೈಸೂರು ಸೇರಿದ ಮೇಲೆಯೇ. ನಮ್ಮ ಕಡೆ ಓದೆಲ್ಲ ತಮಿಳಿನಲ್ಲಿ.) ಪುಸ್ತಕಗಳು ಒಲೆಗೆ ಬೀಳುವ ಪುಟ ಬಂದಾಗ ರಾಟೆ ನಿಂತಿತು.

“ಇದು ಸುಳ್ಳು ಕಣ್ಲಾ.”

ನನಗೆ ಖುಷಿ. ನನ್ನ ಪೆನ್ಸಿಲ್ಲಿನ ಮಾತನ್ನು ಅಕ್ಕನೂ ಒಪ್ಪಿದಳಲ್ಲ!

“ನಮ್ಮಪ್ಪ ಒಡೀಲೂ ಇಲ್ಲ, ಸುಡ್ಲೂ ಇಲ್ಲ. ‘ನನ್ ಮಗ್ಳು ಸುತ್ತಿದ್ರೆ ಒಂದು ನೂಲೂ ಕಿತ್ತೋಗಲ್ಲ’ ಅಂತ ಬಂದೋರ ಮುಂದೆಲ್ಲಾ ಒಗಳ್ತಿದ್ರು. ನಂಗೂ ಸಂತೋಸ. ಐದ್ನೇ ಕ್ಲಾಸು. ಒಂದಿನ ನಾನಾಗೇ ಇಸ್ಕೂಲು ಬಿಟ್ಬುಟ್ಟೆ. ಒಡೆದಿದ್ರೆ ಅತ್ಕೊಂಡಾದ್ರೂ ಓಗ್ತಿದ್ನೇನೋ.”

ಆಮೇಲೆ ಮೆಲ್ಲಗೆ ಹೇಳಿದಳು: “ಬೆಳಿಗ್ಗೆ ನೀನು ಮಂಜೂನ ಒಗಳಿದ್ಯಲ್ಲ, ಅಂಗೇ.”

ಅಕ್ಕ ಸುತ್ತಿದ ಕಂಡಿಕೆಗಳಿಂದಲೇ ನನ್ನ ಓದು ಸಾಗಿತ್ತು. ನನಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳ ಕೈಯನ್ನು ಹೊಗಳುತ್ತಲೇ ನಾನೂ ಬೆಳೆದೆ.

ಅಂಚಿನ ಮಾತನ್ನು ಅಳಿಸಿದ್ದೇನೆ. ಏಟುಗಳ ಬಗ್ಗೆ ಅಷ್ಟು ಬರೆದ ಲೇಖಕಿ ಹೊಗಳಿಕೆಗೂ ಒಂದು ಪುಟ ಕೊಡಬೇಕಿತ್ತು. ಕಾದಂಬರಿಯ ಮೇಲೆ ಈಗ ನನ್ನ ತಕರಾರು ಅದೊಂದೇ.

ಇದನ್ನು ಅಕ್ಕನ ಮನೆಯ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇಂದು ಭಾನುವಾರ. ಭಾವನವರ ಜೊತೆ ಎರಡು ಸಲ ಮಾತಾಡಿದೆ, ಒಮ್ಮೆ ಜಗಳವೂ ಆಯಿತು. ಅವರಿನ್ನೂ ಸಹಿ ಹಾಕಿಲ್ಲ. ನಾನೂ ಬಸ್ಸು ಹತ್ತಿಲ್ಲ.

ಅಂದ ಹಾಗೆ, ನಿಮ್ಮ ಮನೆಯ ಹುಡುಗಿಯನ್ನು ನೀವು ಕೊನೆಯ ಸಲ ಹೊಗಳಿದ್ದು ಯಾವ ಕೆಲಸಕ್ಕೆ?