ಮುಟ್ಟಿದ್ದರೆ ಬಿಳಿ ಹತ್ತುತ್ತಿತ್ತು

1998ರಲ್ಲಿ, ಎಂಟನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೈಲಹೊಂಗಲದಲ್ಲಿ ಗೋಡೆಗೆ ಗಿಲಾವು ಮಾಡುವವರಿಗೆ ಕೈಗಳು ಬೇಕಾಗಿದ್ದವು, ನನಗೆ ಎರಡಿದ್ದವು. ಮುಂದೆ ಸಿಮೆಂಟು ಬಿಟ್ಟು ಪಿಒಪಿಯ ಬಿಳಿ ಪುಡಿ ಹಿಡಿದೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಎಷ್ಟೋ ಮನೆಗಳ ಹಾಲ್‌ನಲ್ಲಿ ತಲೆಯೆತ್ತಿದರೆ ಕಾಣುವ ಹೂಬಳ್ಳಿ ನನ್ನ ಕೈಯದು. ಕಲಿಯದವನು ಎಂದು ಯಾರಾದರೂ ಅಂದರೆ, ಮೇಲೆ ನೋಡ್ರಿ ಅನ್ನುತ್ತೇನೆ.

ಎರಡು ವರ್ಷದ ಹಿಂದೆ ಸವದತ್ತಿ ಕಡೆಯ ಒಂದೂರಿನಲ್ಲಿ ಕಾಳಿನ ವ್ಯಾಪಾರ ಮಾಡುವ ಸಾವಕಾರರ ಮನೆಗೆ ಸೀಲಿಂಗ್ ಹಾಕುತ್ತಿದ್ದೆ. ಹಾಲ್‌ನ ಅರ್ಧ ಕೆಲಸ ಮುಗಿದಿತ್ತು. ಒಂದು ಸೋಮವಾರ ಬೆಳಿಗ್ಗೆ ಸಾವಕಾರರ ಹೆಂಡತಿ ತಿಜೋರಿ ತೆಗೆದರೆ ಒಳಗೆ ಬಂಗಾರದ ಬೋರಮಾಳ ಸರ ಇಲ್ಲ. ಸಾವಕಾರರು ಠಾಣೆಗೆ ಫೋನ್ ಹಚ್ಚಿದರು. ಪೊಲೀಸರು ಬರುವುದರೊಳಗೆ ಆ ತಾಯಿ ಅಂಗಳ ಗುಡಿಸಿ ನೀರು ಹೊಡೆದಳು. ಆಮೇಲೆ ಹಸಿ ಬಟ್ಟೆಯಿಂದ ತಿಜೋರಿಯನ್ನು ಹಿಂದೆ ಮುಂದೆ ಒರೆಸಿ, ಮೂರು ಬೆರಳು ವಿಭೂತಿ ಎಳೆದು, ಊದುಬತ್ತಿ ಹಚ್ಚಿದಳು. ಹೊರಗಿನವರು ಮುಟ್ಟುವ ಮೊದಲು ಸೋಮವಾರದ ಪೂಜೆ ಆಗಿಹೋಗಲಿ ಎಂದು. ನಮ್ಮ ಕಡೆ ಮನೆಗೆ ದೊಡ್ಡವರು ಬರುತ್ತಾರೆಂದರೆ ಹಾಗೆಯೇ, ಪೊಲೀಸರಾದರೂ ಅಷ್ಟೇ. ನಾನು ಏಣಿಯ ಮೇಲೆ ನಿಂತು ಎಲ್ಲ ನೋಡುತ್ತಿದ್ದೆ.

ಪೊಲೀಸರು ಬಂದು ತಿಜೋರಿ ನೋಡಿ ನನ್ನನ್ನು ಕರೆದೊಯ್ದರು. ಠಾಣೆಯಲ್ಲಿ ನನ್ನ ಹತ್ತೂ ಬೆರಳಿಗೆ ಮಸಿ ಹಚ್ಚಿ ಹಾಳೆಯ ಮೇಲೆ ಒತ್ತಿಸಿಕೊಂಡರು.

"ಇದರಾಗ ಏನ್ ನೋಡತೀರಿ ಸಾಹೇಬ್ರ?" ಎಂದು ಕೇಳಿದೆ.

"ಎಷ್ಟನೇ ಇಯತ್ತೆ ಕಲ್ತೀ?"

"ಎಂಟರೀ. ಅದೂ ಅರ್ಧ."

"ಹಂಗಾರ ನಿನಗ ತಿಳಿಯೂದಲ್ಲ ಬಿಡು. ಕೈ ತೊಳಕೊ ಹೋಗು."

ಸಂಜೆಗೆ ಬಿಟ್ಟರು, ಮತ್ತೆ ಕರೆಯಲಿಲ್ಲ. ಆದರೆ ಸಾವಕಾರರು ತಮ್ಮ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿಯೆದುರು, "ಮನ್ಯಾಗ ಹೊರಗಿನಾಂವ ಅಂದ್ರ ಅಂವ ಒಬ್ಬನ ಇದ್ದ. ಮುಂದಿಂದು ನೀವ ತಿಳಕೋರಿ" ಅಂದಿದ್ದರು. ಆ ಮಾತು ನನಗಿಂತ ಮೊದಲು ಬೈಲಹೊಂಗಲ ಮುಟ್ಟಿತು. ಮುಂದಿನ ಕೆಲಸ ಒಪ್ಪಿಸಿದ್ದ ಕಿತ್ತೂರಿನ ಮನೆಯವರು "ಶ್ರಾವಣ ಆದಮ್ಯಾಲ ನೋಡೂಣು" ಅಂದರು. ರಾಮದುರ್ಗದವರು ಫೋನನ್ನೇ ಎತ್ತಲಿಲ್ಲ. ಬೇರೆಯವರ ಮನೆಯೊಳಗೆ ನಿಂತು ದುಡಿಯುವವನಿಗೆ ಹೆಸರು ಹೋದರೆ ಹೊಸ್ತಿಲೇ ಹೋದ ಹಾಗೆ.

ನನ್ನ ಬೆರಳಿನಲ್ಲಿ ಇರುವುದು ನನಗೇ ತಿಳಿಯುವುದಿಲ್ಲವಂತೆ! ಆ ಸಿಟ್ಟಿನಲ್ಲೇ ಫೋನಿನಲ್ಲಿ ಹುಡುಕಿದೆ. ಫೊರೆನ್ಸಿಕ್ ಸೈನ್ಸ್, ಆನ್‌ಲೈನ್ ಪ್ರಾಥಮಿಕ ತರಬೇತಿ, ಎಂಟು ಭಾನುವಾರ, ಕನ್ನಡದಲ್ಲಿ. ಫಾರ್ಮಿನಲ್ಲಿ ವಿದ್ಯಾರ್ಹತೆ ಕೇಳಿದ್ದರು. "ಎಂಟನೆಯದು, ಅರ್ಧ" ಎಂದು ಬರೆದೆ. ಕಲಿಸುವ ಮೇಡಂ ತಾವೇ ಫೋನ್ ಮಾಡಿದರು.

"ಸರ್, ಇದು ಹೆಚ್ಚಾಗಿ ಡಿಗ್ರಿ ಮಕ್ಕಳಿಗೆ. ನಿಮಗೆ ಕಷ್ಟ ಆಗಬಹುದು."

"ಕಷ್ಟ ನನಗ ಬಿಡ್ರಿ ಮೇಡಂ. ನೀವು ಕಲಸ್ರಿ."

ಮೊದಲ ಭಾನುವಾರ ಸುರೇಬಾನದಲ್ಲಿ ಒಂದು ಸಣ್ಣ ಕೋಣೆಯ ಕೆಲಸದ ಮೇಲಿದ್ದೆ. ಫೋನನ್ನು ಪುಡಿಯ ಚೀಲಕ್ಕೆ ಆನಿಸಿಟ್ಟು ಕೂತೆ. ನನ್ನ ಹಿಂದಿನ ಛಾವಣಿ ನೋಡಿ ಒಬ್ಬ ಹುಡುಗ, "ಅಂಕಲ್, ಇದು ಸೀಲಿಂಗ್ ಕ್ಲಾಸ್ ಅಲ್ಲ" ಅಂದ. ಎಲ್ಲರೂ ನಕ್ಕರು.

"ತಮ್ಮಾ, ನೀನೂ ಕಲಿ, ನಾನೂ ಕಲೀತೇನಿ. ನಾಳೆ ನಿಮ್ಮ ಮನಿ ಸೀಲಿಂಗ್ ಬಿದ್ರ ಈ ನಂಬರಿಗೇ ಫೋನ್ ಹಚ್ಚು" ಅಂದೆ.

ಮೂರನೆಯ ಪಾಠ ಬೆರಳಚ್ಚಿನದು. ಸ್ಥಳದಲ್ಲಿ ಸಿಕ್ಕ ಗುರುತನ್ನು ಮನುಷ್ಯನ ಗುರುತಿನೊಡನೆ ಹೋಲಿಸುತ್ತಾರೆ ಎಂದರು. ನಾನು ಕೇಳಿದೆ:

"ಮೇಡಂ, ಪೊಲೀಸ್ರು ಬರೂ ಮೊದಲ ತಿಜೋರಿ ಒರಸಿಬಿಟ್ಟಿದ್ರ?"

"ಹಾಗಾದರೆ ಹೆಚ್ಚಾಗಿ ಏನೂ ಸಿಗುವುದಿಲ್ಲ. ನೀವು ಮುಟ್ಟಿದ್ದೀರಿ ಅಂತಲೂ ಹೇಳಲಾಗದು, ಮುಟ್ಟಿಲ್ಲ ಅಂತಲೂ ಹೇಳಲಾಗದು."

ನಾನು ಯಾರ ವಿಷಯವೆಂದು ಹೇಳಿರಲಿಲ್ಲ. "ನೀವು" ಅಂದದ್ದು ಸುಮ್ಮನೆ ಮಾತಿಗೆ. ಆದರೂ ಮುಖ ಬಿಸಿಯಾಯಿತು. ಬರೀ ವಿಭೂತಿಯೊಡನೆ ಹೋಲಿಸಲು ನನ್ನ ಬೆರಳಿಗೆ ಮಸಿ ಬಳಿದಿದ್ದರೇ!

ಮುಂದಿನ ಭಾನುವಾರ ಮೇಡಂ ಇನ್ನೊಂದು ಮಾತು ಹೇಳಿದರು. ಯಾರು ಏನನ್ನು ಮುಟ್ಟಿದರೂ ಅವರದೊಂದಿಷ್ಟು ಅಲ್ಲಿ ಉಳಿಯುತ್ತದೆ, ಅಲ್ಲಿಯದೊಂದಿಷ್ಟು ಅವರಿಗೆ ಹತ್ತುತ್ತದೆ. ನಾನು ನನ್ನ ಕೈ ನೋಡಿಕೊಂಡೆ. ಮೊಣಕೈವರೆಗೆ ಬಿಳಿ. ಫೋನಿನ ಮೇಲೆ ಬಿಳಿ, ನೋಟುಬುಕ್ಕಿನ ಮೇಲೆ ಬಿಳಿ. ಸಾವಕಾರರ ಹೆಂಡತಿ ದಿನಾ ಬೈಯುತ್ತಿದ್ದಳು: "ಚೌಕಟ್ಟಿಗೆ ಕೈ ಹಚ್ಚಬ್ಯಾಡೋ ಮಾರಾಯಾ, ಹಿಟ್ಟಿನಾಗ ಬಿದ್ದ ಬೆಕ್ಕು ಅಡ್ಡಾಡಿದಂಗ ಮಾಡಿಟ್ಟೀದಿ ಮನೀನ!"

ಮರುದಿನವೇ ಆ ಮನೆಗೆ ಹೋದೆ. ಸಾವಕಾರರು ಕೂರು ಅನ್ನಲಿಲ್ಲ, ನಾನೂ ಕೂರಲಿಲ್ಲ.

"ಅಕ್ಕಾರ, ಸರದ ಡಬ್ಬಿ ಎಲ್ಲಿತ್ರಿ?"

"ಚಂದ್ರಕಾಳಿ ಸೀರಿ ಮಡಚಿ, ಅದರ ಬುಡಕ ಇಟ್ಟಿದ್ನಿ."

ಚಂದ್ರಕಾಳಿಯೆಂದರೆ ಕಪ್ಪು ರೇಷ್ಮೆ, ಅಮಾವಾಸ್ಯೆಯ ಹಾಗೆ ಕಪ್ಪು.

"ಆ ಸೀರಿಗೆ ಬಿಳಿ ಹತ್ತಿತ್ತೇನ್ರಿ?"

ಆಕೆ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. "ಇಲ್ಲೋ ಯಪ್ಪಾ. ಒಂದು ಚುಕ್ಕಿನೂ ಇರಲಿಲ್ಲ. ಸರ ಹುಡಕೂಮುಂದ ನಾನ ತಗದು ಝಾಡಿಸಿ ನೋಡೇನಿ."

"ಕೈ ತೊಳಕೊಂಡು ಮುಟ್ಟಿದ್ರ?" ಸಾವಕಾರರು ಕೇಳಿದರು.

"ಕೈ ತೊಳದ್ರ ತಲೀ, ಅಂಗಿ ತೋಳು?" ಹೆಂಡತಿಯೇ ಅಂದಳು. "ಇವನು ನಿಂತಲ್ಲೆಲ್ಲಾ ಉದರತಿತ್ತು. ಕಸಾ ಹೊಡದು ಹೊಡದು ನನ್ನ ಟೊಂಕ ಬಿದ್ದಾವ, ನಿಮಗೇನ್ ಗೊತ್ತು?"

ಇದು ಪೂರ್ತಿ ಪುರಾವೆಯಲ್ಲ ಎಂದು ನನಗೂ ಗೊತ್ತು. ಮೇಡಂ ಅದನ್ನೂ ಕಲಿಸಿದ್ದಾರೆ. ಆದರೆ ಕಟ್ಟೆಯ ಮೇಲೆ ಸಾವಕಾರರು ಆಡಿದ ಮಾತಿಗೆ ಇಷ್ಟೂ ಪುರಾವೆ ಇರಲಿಲ್ಲ.

"ಆತು ಬಿಡ್ರಿ," ಸಾವಕಾರರು ಅಂದರು. "ಉಳದ ಹಾಲ್ ಮುಗಿಸಿಕೊಡ್ರಿ. ಮರತು ಬಿಡೂಣು."

"ಕಟ್ಟಿ ಮ್ಯಾಲ ಆಡಿದ್ದು ಕಟ್ಟಿ ಮ್ಯಾಲನ ತಗೋಬೇಕ್ರಿ ಸಾವ್ಕಾರ್ರ."

"ಹೋಗಿ ಬರ್ರಿ," ಹೆಂಡತಿ ಅಂದಳು. "ನಾಲಿಗಿ ಏನ್ ಸವೆಯೂದಿಲ್ಲ."

ಹೋದೆವು. ಸಾವಕಾರರು ಜೋಳದ ಚೀಲಗಳ ಕಡೆ ಮುಖ ಮಾಡಿ, "ಇವರ ಮ್ಯಾಲ ನಂದೇನೂ ಸಂಶೇ ಇಲ್ಲ. ಅಂದಿದ್ದು ತಪ್ಪಾತು" ಎಂದು ಗೊಣಗಿದರು. ಕಟ್ಟೆಯ ಮೇಲಿದ್ದ ಮುದುಕನೊಬ್ಬ, "ಜೋರಾಗಿ ಅನ್ನೋ ತಮ್ಮಾ, ನನ್ನ ಕಿವಿ ಮಂದ ಐತಿ" ಅಂದ. ಸಾವಕಾರರು ಇನ್ನೊಮ್ಮೆ, ಜೋರಾಗಿ, ಅಂದರು.

ಸರ ಯಾರು ಒಯ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಕುವುದು ನನ್ನ ಕೆಲಸವಲ್ಲ. ಆ ಹಾಲ್‌ನ ಸೀಲಿಂಗನ್ನು ನಾನು ಮುಗಿಸಲಿಲ್ಲ. ಎಷ್ಟು ಕರೆದರೂ ಹೋಗಲಿಲ್ಲ. ಉಳಿದ ನಾಲ್ಕು ಭಾನುವಾರ ಮಾತ್ರ ಒಂದೂ ತಪ್ಪಿಸಲಿಲ್ಲ.

ಈಗ ನನ್ನ ಹತ್ತಿರ ಒಂದು ಪ್ರಮಾಣಪತ್ರ, ಬರೆದು ತುಂಬಿಸಿದ ಎರಡು ನೋಟುಬುಕ್ಕು, ಒಂದು ಭೂತಗನ್ನಡಿ ಇವೆ. ಸೀಲಿಂಗ್ ಕೆಲಸ ನಡೆದಿರುವ ಮನೆ ಮೂರು.